ಹಾಲಿನೊಳಗಿನ ಶತ್ರುವನ್ನು ಕಂಡುಹಿಡಿದ ಆಲಿಸ್ ಈವಾನ್ಸ್

ಈ ಸ್ಮರಣ ಸಂಚಿಕೆಗೆ ಒಬ್ಬ ಸ್ತ್ರೀಯ ಜೀವಿತವೃತ್ತಾಂತವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನಮ್ಮನ್ನು ಕೇಳಿಕೊಂಡಾಗ ಮೊದಲು ನಮ್ಮ ಮನಸ್ಸಿಗೆ ಬಂದ ಹೆಸರುಗಳು ಫ್ಲಾರೆನ್ಸ್ ನೈಟಿಂಗೇಲ್, ಮೇಡಂ ಕ್ಯೂರಿ, ವೆಲ್ಲೂರಿನ ಡಾಕ್ಟರ್ ಐಡಾ ಸ್ಕಡರ್ ಇವರವೇ. ಆದರೆ ಇವರ ಕಥೆಯನ್ನು ಕೇಳದೆ ನಮ್ಮ ಶಾಲೆಯನ್ನು ಬಿಟ್ಟು ಹೋದ ಹುಡುಗಿಯು ಒಬ್ಬಳಾದರೂ ಇರಲಾರಳು. ಬೋರ್ಡಿಂಗಿನಲ್ಲಿದ್ದು ಓದಿದ ಹಳೆಯ ವಿದ್ಯಾರ್ಥಿನಿಯರಿಗೆ ಇನ್ನೊಂದು ಸಂಗತಿಯೂ ನೆನಪಿರಬೇಕು: ಸಾಯಂಕಾಲ ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟ ಬಳಿಕ ಅದು ಚೆನ್ನಾಗಿ ಉಕ್ಕಿ ಬರುವ ತನಕ ಯಾರೂ ಅದನ್ನು ಮುಟ್ಟಕೂಡದೆಂಬ ಕಟ್ಟಳೆ. ಹಸಿದ ಮಕ್ಕಳು ಅಡಿಗೆಮನೆಯ ಬಾಗಿಲಲ್ಲಿ ನಿಂತು ಗೊಣಗುತ್ತಿದ್ದುದೂ ನಮಗೆ ಮರೆತಿಲ್ಲ. ಆ ಕಟ್ಟಳೆಯು ನಮ್ಮ ಅಜ್ಜಿಯರ ಕಾಲದಿಂದಲೂ ಈ ನಾಡಿನಲ್ಲಿ ನಡೆದು ಬಂದದ್ದು. ಅದಕ್ಕೆ ಕಾರಣವನ್ನು ಮಾತ್ರ ಅವರು ಹೇಳಬಲ್ಲವರಾಗಿರಲಿಲ್ಲ. ಆ ಕಾರಣಗಳಲ್ಲಿ ಒಂದನ್ನು ಲೋಕಕ್ಕೆ ತಿಳಿಸಿ, ತಿಳಿಸಿದ್ದಕ್ಕಾಗಿ ಅಪನಂಬಿಕೆಗೆ ಗುರಿಯಾಗಿ, ಕಡೆಗೆ ತನ್ನ ದೇಹದಲ್ಲಿಯೇ ಅದರ ಬೇನೆಯನ್ನು ಅನುಭವಿಸಿದ ಒಬ್ಬ ಮಾಜಿ ಉಪಾಧ್ಯಾಯಿನಿಯ ಚರಿತ್ರೆಯನ್ನು ನಾವು ಇಲ್ಲಿ ಹೇಳಬಯಸುತ್ತೇವೆ. ರೋಗಾಣುಶಾಸ್ತ್ರವನ್ನು ಬಲ್ಲವರಲ್ಲಿ ಆಲಿಸ್ ಕ್ಯಾಥರಿನ್ ಈವಾನ್ಸ್ ಎಂಬ ಹೆಸರು ಸುಪ್ರಸಿದ್ಧವಾದದ್ದು.

ಆಲಿಸಳು 1881ನೆಯ ಇಸವಿ ಜನವರಿ 29ನೆಯ ತಾರೀಖು ಅಮೆರಿಕಾ ಸಂಯುಕ್ತ ಸಂಸ್ಥಾನದ ಪೆನ್ಸಿಲ್ವೇನಿಯಾ ಪ್ರಾಂತದಲ್ಲಿ ನೀತ್ ಎಂಬ ಹಳ್ಳಿಯಲ್ಲಿ ಹುಟ್ಟಿದಳು. ವೇಲ್ಸ್ ದೇಶದಿಂದ ಹೋಗಿ ನೆಲಸಿದ ಬೇಸಾಯಗಾರರು ತಮ್ಮ ಹುಟ್ಟುನಾಡಿನ ಒಂದು ಊರಿನ ಹೆಸರನ್ನೇ ಆ ಹಳ್ಳಿಗೆ ಇಟ್ಟಿದ್ದರು. ತಂದೆ ವಿಲಿಯಂ ಈವಾನ್ಸನು ಹೊಲಗದ್ದೆಗಳನ್ನು ನೋಡಿಕೊಂಡು ಭೂಮಾಪನದ ಕೆಲಸವನ್ನೂ ಮಾಡುತ್ತಿದ್ದನು. ತಾಯಿಯು ಹದಿನಾಲ್ಕನೆಯ ವಯಸ್ಸಿನಲ್ಲಿ ವೇಲ್ಸಿನಿಂದ ಬಂದವಳು; ಮದುವೆಗೆ ಮೊದಲು ಉಪಾಧ್ಯಾಯಿನಿಯಾಗಿದ್ದವಳು. ಮನೆಯಲ್ಲಿ ಆಲಿಸ್ ಮತ್ತು ಮಾರ್ಗನ್ ಎಂಬ ಇಬ್ಬರೇ ಮಕ್ಕಳು. ಹಟ್ಟಿ, ಹಸು, ಹಾಲುಪಾತ್ರೆಗಳ ನಡುವೆ ಬೆಳೆದ ಹುಡುಗಿಯಾದುದರಿಂದ, ಮುಂದೆ ಆಕೆಯು ಹಿಡಿದ ವಿದ್ಯೆಯು ಆಕೆಗೆ ಪರಕೀಯವಾಗಿ ತೋರಲಿಲ್ಲವೆಂದು ನಾವು ಊಹಿಸುತ್ತೇವೆ.

ಊರ ಶಾಲೆಯನ್ನು ಮುಗಿಸಿ ಆಲಿಸಳು ಟೊವಾಂಡಾ ಪಟ್ಟಣದ ಪ್ರೌಢಶಾಲೆಯನ್ನು ಸೇರಿದಳು. ಹೆಣ್ಣುಮಕ್ಕಳು ಚೆಂಡಾಡುವುದನ್ನು ಹಿರಿಯರು ಹುಬ್ಬುಗಂಟಿಕ್ಕಿ ನೋಡುತ್ತಿದ್ದ ಆ ಕಾಲದಲ್ಲಿ ಆಕೆ ಶಾಲೆಯ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಡಿದಳು. 1901ರಲ್ಲಿ ಅಲ್ಲಿಯ ವಿದ್ಯಾಭ್ಯಾಸ ಮುಗಿಯಿತು. ಕಾಲೇಜಿಗೆ ಹೋಗಬೇಕೆಂಬ ಹಂಬಲವಿದ್ದರೂ ಕೈಯಲ್ಲಿ ಹಣವಿರಲಿಲ್ಲ. ಆ ದಿನಗಳಲ್ಲಿ ಹೆಣ್ಣಿಗೆ ತೆರೆದಿದ್ದ ಬಾಗಿಲು ಉಪಾಧ್ಯಾಯ ವೃತ್ತಿಯೊಂದೇ ಎಂಬಂತಿತ್ತು. ಆಕೆಯೂ ಚಿಕ್ಕ ಮಕ್ಕಳಿಗೆ ನಾಲ್ಕು ವರುಷ ಪಾಠ ಹೇಳಿದಳು. ಆ ಕೆಲಸವು ಆಕೆಗೆ ಹಿಡಿಸಲಿಲ್ಲವೆಂಬುದನ್ನು ನಾವು ಮುಚ್ಚಿಡುವುದಿಲ್ಲ. ಶಾಲೆಯ ಸಂಚಿಕೆಯಲ್ಲಿ ಇದನ್ನು ಬರೆಯುವುದು ಯುಕ್ತವೋ ಅಲ್ಲವೋ, ಇದ್ದದ್ದು ಹಾಗೆ.

ನ್ಯೂಯಾರ್ಕ್ ಪ್ರಾಂತದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹಳ್ಳಿಯ ಉಪಾಧ್ಯಾಯರಿಗಾಗಿ ಪ್ರಕೃತಿಪಾಠವನ್ನು ಶುಲ್ಕವಿಲ್ಲದೆ ಕಲಿಸುವ ಏರ್ಪಾಡಿತ್ತು. ಆಲಿಸಳು ಅಲ್ಲಿಗೆ ಹೋದದ್ದು ಎರಡು ವರುಷಗಳ ಆ ಪಾಠಕ್ಕಾಗಿ. ಹಿಡಿದುಕೊಂಡದ್ದು ಸೂಕ್ಷ್ಮಜೀವಿಗಳ ವಿದ್ಯೆಯನ್ನು. ವಿದ್ಯಾರ್ಥಿವೇತನವು ದೊರೆತು, 1909ರಲ್ಲಿ ಆಕೆ ಪದವೀಧರೆಯಾದಳು. ಮರುವರುಷ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಪದವಿಯನ್ನೂ ಪಡೆದಳು. ಇನ್ನೂ ಓದಿ ಡಾಕ್ಟರ್ ಪದವಿಯನ್ನು ಗಳಿಸಬಹುದಾಗಿತ್ತು. ಆದರೆ ಆ ವೆಚ್ಚವನ್ನೂ ಶ್ರಮವನ್ನೂ ಎಣಿಸಿ ಕೆಲಸಕ್ಕೆ ಸೇರುವುದೇ ಲೇಸೆಂದು ತೀರ್ಮಾನಿಸಿದಳು. ಹೆಸರಿನ ಮುಂದೆ ಡಾಕ್ಟರ್ ಎಂಬ ಎರಡು ಅಕ್ಷರಗಳಿಲ್ಲದ್ದಕ್ಕೆ ಆಕೆ ತೆತ್ತ ಬೆಲೆಯು ಮುಂದೆ ಗೊತ್ತಾಗುವುದು.

1910ರಲ್ಲಿ ಆಕೆಗೆ ಸರಕಾರದ ವ್ಯವಸಾಯ ಇಲಾಖೆಯ ಪಶುಸಂಗೋಪನ ಶಾಖೆಯಲ್ಲಿ ಉದ್ಯೋಗವು ಸಿಕ್ಕಿತು. ಮೂರು ವರುಷ ವಿಸ್ಕಾನ್ಸಿನ್ನಿನಲ್ಲಿಯೇ ಇದ್ದು ಚೆಡ್ಡರ್ ಗಿಣ್ಣಿನ ರುಚಿಯನ್ನು ಉತ್ತಮಪಡಿಸುವ ಸಂಶೋಧನೆ ಮಾಡಿದಳು. 1913ರಲ್ಲಿ ರಾಜಧಾನಿಯಾದ ವಾಷಿಂಗ್‌ಟನ್ನಿಗೆ ವರ್ಗವಾಯಿತು. ಒಬ್ಬ ಹೆಂಗಸು ವಿಜ್ಞಾನಿಯಾಗಿ ಬರುತ್ತಿದ್ದಾಳೆಂಬ ವರ್ತಮಾನವು ಅಧಿಕಾರಿಗಳ ಸಭೆಯಲ್ಲಿ ಹೊರಬಿದ್ದಾಗ ಅವರು ತಮ್ಮ ಕುರ್ಚಿಗಳಿಂದ ಕೆಳಕ್ಕೆ ಬೀಳದೆ ಉಳಿದದ್ದೇ ಹೆಚ್ಚೆಂದು ಅಲ್ಲಿದ್ದ ಶೀಘ್ರಲಿಪಿಯ ಗುಮಾಸ್ತೆಯೊಬ್ಬಳು ಬಳಿಕ ಹೇಳಿದಳಂತೆ. ಹೇಗೂ ಹೆಂಗಸು ಬಂದುಬಿಟ್ಟಿದ್ದಳು.

ಇಲ್ಲಿ ಕಥೆಯನ್ನು ಸ್ವಲ್ಪ ನಿಲ್ಲಿಸಿ, ಎರಡು ರೋಗಗಳ ವಿಷಯವನ್ನು ಹೇಳಬೇಕಾಗಿದೆ. ಭೂಮಧ್ಯ ಸಮುದ್ರದ ಮಾಲ್ಟಾ ದ್ವೀಪದಲ್ಲಿದ್ದ ಬ್ರಿಟಿಷ್ ಸಿಪಾಯಿಗಳಿಗೆ ವಾರಗಟ್ಟಲೆ ಏರುತ್ತ ಇಳಿಯುತ್ತ ಕಾಡುವ ಒಂದು ಜ್ವರವು ಬರುತ್ತಿತ್ತು. ಮೈಕೈ ನೋವು, ಬೆವರು, ಕುಗ್ಗಿದ ಮನಸ್ಸು, ಎಷ್ಟು ಮಲಗಿದರೂ ಹೋಗದ ಆಯಾಸ ಇವು ಅದರ ಲಕ್ಷಣಗಳು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾವೈದ್ಯನು, ಸತ್ತವರ ಗುಲ್ಮದಿಂದ ಅದರ ರೋಗಾಣುವನ್ನು ಬೇರ್ಪಡಿಸಿದುದನ್ನು ಪ್ರಕಟಿಸಿದನು. ಪ್ರಯೋಗಶಾಲೆಯಲ್ಲಿ ಆತನಿಗೆ ನೆರವಾಗಿ ನಿಂತವಳು ಪತ್ನಿ ಮೇರಿ. ರೋಗಾಣುವು ಗುಂಡಗೆ ಕಂಡದ್ದರಿಂದ ಅದನ್ನು ಗುಂಡು ರೋಗಾಣುಗಳ ವರ್ಗಕ್ಕೆ ಸೇರಿಸಿದರು. ಅದು ಮನುಷ್ಯನಿಗೆ ಎಲ್ಲಿಂದ ಬರುತ್ತದೆಂಬುದು ಇನ್ನೂ ಹದಿನೆಂಟು ವರುಷ ತಿಳಿಯಲಿಲ್ಲ. 1905ರಲ್ಲಿ ಮಾಲ್ಟಾದವನೇ ಆದ ಡಾಕ್ಟರ್ ಥೆಮಿಸ್ಟೋಕ್ಲಿಸ್ ಝಮ್ಮಿಟ್ ಎಂಬವನು ಆಡುಗಳ ರಕ್ತವನ್ನು ಪರೀಕ್ಷಿಸಿ, ನೋಡುವುದಕ್ಕೆ ಪುಷ್ಟವಾಗಿದ್ದ ಆಡುಗಳೇ ಅದನ್ನು ಹೊತ್ತಿರುವುದನ್ನು ಕಂಡನು. ಸಿಪಾಯಿಗಳಿಗೆ ಆಡಿನ ಹಾಲನ್ನು ನಿಲ್ಲಿಸಿದ ಕೂಡಲೆ ಅವರಲ್ಲಿ ಜ್ವರವು ಬಹುಮಟ್ಟಿಗೆ ಅಡಗಿತು.

ಎರಡನೆಯದು ದನಗಳ ರೋಗ. ಇದನ್ನು ನಮ್ಮ ಹಳ್ಳಿಗಳಿಂದ ಬಂದ ತಾಯಿತಂದೆಗಳಿಗೆ ವಿವರಿಸಬೇಕಾದದ್ದಿಲ್ಲ. ಗಬ್ಬವಾದ ಹಸುವು ಐದಾರು ತಿಂಗಳು ದಾಟಿದ ಮೇಲೆ ಯಾವ ಪೆಟ್ಟೂ ಬೀಳದೆ ಕಂದು ಹಾಕುವುದು. ಮಾಸು ಸರಿಯಾಗಿ ಬೀಳದೆ ಉಳಿಯುವುದು. ಬಳಿಕ ಅದೇ ಕೊಟ್ಟಿಗೆಯ ಇನ್ನೊಂದು ಹಸುವೂ ಕಂದು ಹಾಕುವುದು. ಯಾರದೋ ದೃಷ್ಟಿ ತಾಗಿತೆಂದು ಹೇಳುವುದನ್ನು ನಾವೂ ಕೇಳಿದ್ದೇವೆ. 1897ರಲ್ಲಿ ಡೆನ್ಮಾರ್ಕ್ ದೇಶದ ಬೆರ್ನ್‌ಹಾರ್ಡ್ ಬಾಂಗ್ ಎಂಬ ಪಶುವೈದ್ಯನು ಇದಕ್ಕೆ ಕಾರಣವಾದ ರೋಗಾಣುವನ್ನು ಕಂಡುಹಿಡಿದನು. ಇದು ಕಡ್ಡಿಯಂತೆ ತೋರಿದ್ದರಿಂದ ಕಡ್ಡಿ ರೋಗಾಣುಗಳ ವರ್ಗಕ್ಕೆ ಸೇರಿತು. ಗುಂಡಿನದನ್ನು ಮನುಷ್ಯರ ವೈದ್ಯರೂ ಕಡ್ಡಿಯದನ್ನು ಪಶುವೈದ್ಯರೂ ತಮ್ಮ ತಮ್ಮ ಪುಸ್ತಕಗಳಲ್ಲಿ ಬರೆದುಕೊಂಡರು. ಒಬ್ಬರ ಪುಸ್ತಕವನ್ನು ಇನ್ನೊಬ್ಬರು ತೆರೆಯುವ ವಾಡಿಕೆಯಿರಲಿಲ್ಲ.

ಕುಮಾರಿ ಈವಾನ್ಸಳಿಗೆ ವಾಷಿಂಗ್‌ಟನ್ನಿನಲ್ಲಿ ಒಪ್ಪಿಸಿದ ಕೆಲಸವು ಕೆಚ್ಚಲಿನಿಂದ ಆಗತಾನೆ ಕರೆದ ಹಾಲಿನಲ್ಲಿ ಯಾವ ಯಾವ ಸೂಕ್ಷ್ಮಜೀವಿಗಳಿವೆಯೆಂದು ನೋಡುವುದಾಗಿತ್ತು. ಹಾಲು ಕೆಡುವುದು ಪಾತ್ರೆಯ ಕೊಳಕಿನಿಂದ, ಕರೆಯುವವರ ಕೈಯಿಂದ. ಆರೋಗ್ಯವಾದ ಹಸುವಿನ ನೊರೆಹಾಲು ಅಮೃತವೆಂಬ ನಂಬಿಕೆಯು ಅಲ್ಲಿಯೂ ಇತ್ತು. ಆದರೆ ಕಂದು ಹಾಕಿಸುವ ಬಾಂಗನ ರೋಗಾಣುವು, ರೋಗದ ಯಾವ ಚಿಹ್ನೆಯನ್ನೂ ತೋರದ ಹಸುಗಳ ಹಾಲಿನಲ್ಲಿಯೂ ಇಳಿದು ಬರುತ್ತಿರುವುದನ್ನು ಅದೇ ಇಲಾಖೆಯ ಇಬ್ಬರು ವಿಜ್ಞಾನಿಗಳು ಆಗಲೇ ಕಂಡಿದ್ದರು. ಆಕೆಯೂ ಅದನ್ನೇ ಕಂಡಳು. ಇದು ಜನರು ಕುಡಿಯುವ ಹಾಲಲ್ಲವೇ, ಕುಡಿದವರಿಗೆ ಏನೂ ಆಗುವುದಿಲ್ಲವೇ ಎಂಬ ಪ್ರಶ್ನೆಯು ಆಕೆಯನ್ನು ಬಿಡಲಿಲ್ಲ.

ಆಕೆಯು ಮಾಲ್ಟಾದ ಗುಂಡು ರೋಗಾಣುವನ್ನೂ ಹಸುವಿನ ಕಡ್ಡಿ ರೋಗಾಣುವನ್ನೂ ತರಿಸಿ, ಎರಡನ್ನೂ ಒಂದೇ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಬೆಳೆಯಿಸಿ ನೋಡಿದಳು. ಗುಂಡು ಗುಂಡಲ್ಲ, ಕಡ್ಡಿಯು ಅಷ್ಟೇನೂ ಕಡ್ಡಿಯಲ್ಲ. ಎರಡೂ ಮೋಟು ಕಡ್ಡಿಗಳೇ. ಒಂದನ್ನು ಚುಚ್ಚಿದ ಪ್ರಾಣಿಯ ರಕ್ತರಸವನ್ನು ಎರಡನೆಯದರ ಮೇಲೆ ಹಾಕಿದರೆ ಅದೂ ಒಟ್ಟುಗೂಡಿ ಗಂಟಾಗುತ್ತಿತ್ತು. ಒಂದೇ ಕುಲದ ರೋಗಾಣುಗಳಿಗಲ್ಲದೆ ಹೀಗಾಗುವುದು ಅಪೂರ್ವ. ಇಪ್ಪತ್ತು ವರುಷಗಳಿಂದ ಎರಡು ಹೆಸರುಗಳ ಮರೆಯಲ್ಲಿ ಅಡಗಿದ್ದ ದಾಯಾದಿಗಳನ್ನು ಹೀಗೆ ಆಕೆಯು ಗುರುತಿಸಿದಳು. 1917ರಲ್ಲಿ ಅಮೆರಿಕೆಯ ರೋಗಾಣುಶಾಸ್ತ್ರಜ್ಞರ ಸಂಘದ ಮುಂದೆ ಇದನ್ನು ನಿವೇದಿಸಿ, ಮರುವರುಷ ಅಚ್ಚುಮಾಡಿಸಿದಳು. ಆಡಿನ ಹಾಲು ಮಾಲ್ಟಾದಲ್ಲಿ ಮಾಡಿದ್ದನ್ನು ಹಸುವಿನ ಹಸಿ ಹಾಲು ಅಮೆರಿಕೆಯಲ್ಲಿ ಮಾಡುತ್ತಿರಬಹುದು, ಅದರ ಜ್ವರವನ್ನು ವೈದ್ಯರು ಬೇರೆ ಹೆಸರಿನಿಂದ ಕರೆಯುತ್ತಿರಬಹುದು ಎಂಬುದು ಆಕೆಯ ಎಚ್ಚರಿಕೆಯಾಗಿತ್ತು.

ಯಾರೂ ನಂಬಲಿಲ್ಲ. ಎರಡು ರೋಗಾಣುಗಳ ಸಂಬಂಧವು ಇಷ್ಟು ಹತ್ತಿರವಾಗಿದ್ದರೆ ಅದನ್ನು ಹಿಂದಿನ ಪಂಡಿತರು ಕಾಣದೆ ಬಿಡುತ್ತಿದ್ದರೇ ಎಂದು ಕೆಲವರು ತಲೆಯಲ್ಲಾಡಿಸಿದರು. ದನಗಳ ಉಣ್ಣೆಯಿಂದ ರೋಗವು ಹರಡುವುದನ್ನು ತೋರಿಸಿಕೊಟ್ಟು ಲೋಕಮಾನ್ಯನಾಗಿದ್ದ ಥಿಯೊಬಾಲ್ಡ್ ಸ್ಮಿತ್ ಎಂಬ ಹಿರಿಯ ವಿಜ್ಞಾನಿಯೂ ಒಪ್ಪಲಿಲ್ಲ. ದೇಶವೆಲ್ಲ ಹಾಲು ಕುಡಿಯುತ್ತಿರುವಾಗ ರೋಗಿಗಳೆಲ್ಲಿ ಎಂಬ ಸಂದೇಹವು ಆತನನ್ನು ಬಹುಕಾಲ ಬಿಡಲಿಲ್ಲ. ಇದು ತಳ್ಳಿಹಾಕತಕ್ಕ ಪ್ರಶ್ನೆಯಲ್ಲವೆಂದು ನಾವೂ ಒಪ್ಪುತ್ತೇವೆ. ರೋಗಿಗಳಿದ್ದರು, ಟೈಫಾಯಿಡ್, ಮಲೇರಿಯಾ, ಇನ್‌ಫ್ಲುಯೆಂಜಾ ಎಂಬ ಚೀಟಿಗಳನ್ನು ಹೊತ್ತು ಮಲಗಿದ್ದರು. ಹಾಲಿನ ವ್ಯಾಪಾರಿಗಳ ಸಿಟ್ಟು ಮಾತ್ರ ಬೇರೆ ತರದ್ದು. ಹಾಲು ಕಾಸುವ ಯಂತ್ರಗಳನ್ನು ಮಾರುವವರೊಂದಿಗೆ ಈಕೆ ಕೈ ಸೇರಿಸಿದ್ದಾಳೆಂಬ ಅಪವಾದವನ್ನೂ ಆಕೆ ಕೇಳಬೇಕಾಯಿತು. ಹೇಳಿದವಳು ಹೆಂಗಸು, ಡಾಕ್ಟರ್ ಪದವಿಯಿಲ್ಲದವಳು ಎಂಬ ಮಾತು ಈ ಎಲ್ಲಾ ಆಕ್ಷೇಪಗಳ ಬೆನ್ನಿಗಿತ್ತು.

ಆಕೆ ಜಗಳಕ್ಕೆ ನಿಲ್ಲಲಿಲ್ಲ. 1918ರಲ್ಲಿ ಸಾರ್ವಜನಿಕ ಆರೋಗ್ಯ ಇಲಾಖೆಯ ಪ್ರಯೋಗಶಾಲೆಗೆ ಸೇರಿ, ಮಹಾಯುದ್ಧದ ಸೈನ್ಯಗಳಲ್ಲಿ ಹಬ್ಬಿದ್ದ ಮಿದುಳುಪೊರೆಯ ಜ್ವರದ ವಿಷಯದಲ್ಲಿ ದುಡಿದಳು; ಆ ವರುಷದ ಇನ್‌ಫ್ಲುಯೆಂಜಾ ಮಾರಿಯಲ್ಲಿ ತಾನೂ ಹಾಸಿಗೆ ಹಿಡಿದೆದ್ದಳು. ಇತ್ತ 1920ರಲ್ಲಿ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ಕಾರ್ಲ್ ಮೇಯರ್ ಮತ್ತು ಆತನ ಜತೆಗಾರ ಷಾ ಇವರು ಆಕೆಯ ಪ್ರಯೋಗಗಳನ್ನು ಮಾಡಿ ನೋಡಿ, ಆಕೆ ಹೇಳಿದ್ದು ನಿಜವೆಂದು ಸಾರಿದರು. ಎರಡೂ ರೋಗಾಣುಗಳನ್ನು ಒಂದೇ ಕುಲಕ್ಕೆ ಸೇರಿಸಿ, ಬ್ರೂಸನ ಗೌರವಾರ್ಥವಾಗಿ ಬ್ರೂಸೆಲ್ಲಾ ಎಂಬ ಹೆಸರನ್ನೂ ಇಟ್ಟರು. ರೋಗವು ಇಂದಿಗೂ ಬ್ರೂಸೆಲ್ಲೋಸಿಸ್ ಎಂದೇ ಕರೆಯಿಸಿಕೊಳ್ಳುತ್ತದೆ. ಕುಲವನ್ನು ಒಂದುಗೂಡಿಸಿದವಳ ಹೆಸರು ಅದರಲ್ಲಿಲ್ಲ.

1922ರ ಅಕ್ಟೋಬರಿನಲ್ಲಿ, ತನ್ನ ಪ್ರಯೋಗಶಾಲೆಯಲ್ಲಿ ಬೆಳೆಯಿಸುತ್ತಿದ್ದ ಅದೇ ರೋಗಾಣುವು ಆಕೆಯ ದೇಹವನ್ನು ಹೊಕ್ಕಿತು. ಆಗ ಆಕೆಗೆ ನಲವತ್ತೊಂದು ವರುಷ. ಜ್ವರವು ಬರುವುದು, ಹೋಗುವುದು. ಕೆಲವು ದಿನ ಕೆಲಸಕ್ಕೆ ಹೋಗುವಳು, ಕೆಲವು ತಿಂಗಳು ಹಾಸಿಗೆ. ಹೀಗೆ ಇಪ್ಪತ್ತು ವರುಷಗಳಿಗೂ ಮೇಲೆ ಅದು ಆಕೆಯನ್ನು ಬಿಟ್ಟೂ ಬಿಡದೆ ಕಾಡಿತು. ಬೇನೆಗಿಂತಲೂ ಆಕೆಯನ್ನು ನೋಯಿಸಿದ್ದು ಇನ್ನೊಂದು. ಹಳೆಯದಾದ ಈ ರೋಗದಲ್ಲಿ ಹೊರಗೆ ಕಾಣುವ ಗುರುತುಗಳು ಅಳಿದುಹೋಗಿ ರೋಗಿಯ ಮಾತೊಂದೇ ಸಾಕ್ಷಿಯಾಗಿ ಉಳಿಯುವುದುಂಟು. ವೈದ್ಯರು ಆಕೆಯನ್ನು ಪರೀಕ್ಷಿಸಿ, ಇದು ನರದೌರ್ಬಲ್ಯ, ಮನಸ್ಸಿನ ಕಲ್ಪನೆ ಎಂದರು. ರೋಗದ ಬೇಗೆ ಒಂದು ಕಡೆ, ಮೋಸಗಾತಿಯೆಂಬ ನೋಟ ಒಂದು ಕಡೆ. ಹೆಣ್ಣುಮಕ್ಕಳ ಬೇನೆಗೆ ಮನೆಯವರೂ ವೈದ್ಯರೂ ಬಹುಬೇಗನೆ ಕೊಡುವ ಈ ಹೆಸರನ್ನು ನಮ್ಮ ಓದುಗರಲ್ಲಿ ಹಲವರು ತಮ್ಮ ಬಗ್ಗೆಯೂ ಕೇಳಿರಬಹುದು. ಕೆಲವು ವರುಷಗಳ ಮೇಲೆ ಆಕೆಯ ದೇಹದಿಂದಲೇ ರೋಗಾಣುವನ್ನು ಬೇರ್ಪಡಿಸಿ ತೋರಿಸಲಾಗಿ, ಆ ಮಾತು ನಿಂತಿತು. 1934ರಲ್ಲಿ ಆಕೆಯು ಹಳಸಿದ ಬ್ರೂಸೆಲ್ಲೋಸಿಸ್ ರೋಗದ ವಿಷಯವಾಗಿ ವೈದ್ಯರಿಗೆ ತಿಳಿವಳಿಕೆ ಕೊಡುವ ಲೇಖನವನ್ನು ಪ್ರಕಟಿಸಿದಳು. ಆ ಲೇಖನದ ಒಂದೊಂದು ಲಕ್ಷಣವನ್ನೂ ಆಕೆಯು ತನ್ನ ಮೈಯಲ್ಲಿ ಅರಿತಿದ್ದಳು.

ಇಷ್ಟರಲ್ಲಿ ಸಾಕ್ಷ್ಯವು ಎಲ್ಲಾ ಕಡೆಗಳಿಂದ ಸೇರಿಬಂತು. ಆಡನ್ನೇ ಕಾಣದ, ಹಸುವಿನ ಹಾಲನ್ನು ಕುಡಿಯುವ ಜ್ವರಪೀಡಿತರ ರಕ್ತದಲ್ಲಿ ಆಕೆ ಹೇಳಿದ ರೋಗಾಣುವೇ ದೊರೆಯಿತು. ದನಗಳನ್ನು ಕೊಯ್ಯುವ ಕೆಲಸದವರಲ್ಲಿ, ಕೊಟ್ಟಿಗೆಯಲ್ಲಿ ದುಡಿಯುವವರಲ್ಲಿ, ಬರಿಗೈಯಿಂದ ಕರು ಎಳೆಯುವ ಪಶುವೈದ್ಯರಲ್ಲಿಯೂ ಅದು ಕಂಡುಬಂತು. 1928ರಲ್ಲಿ, ಹಿಂದೆ ಆಕೆಯ ಮಾತನ್ನು ಅನುಮಾನಿಸಿದ್ದ ರೋಗಾಣುಶಾಸ್ತ್ರಜ್ಞರ ಸಂಘವು ಆಕೆಯನ್ನೇ ತನ್ನ ಅಧ್ಯಕ್ಷೆಯನ್ನಾಗಿ ಆರಿಸಿತು. ಆ ಪೀಠದಲ್ಲಿ ಕುಳಿತ ಮೊದಲನೆಯ ಸ್ತ್ರೀ ಆಕೆಯೇ. 1930ರಲ್ಲಿ ಪ್ಯಾರಿಸ್ ನಗರದಲ್ಲಿ ನಡೆದ ಸೂಕ್ಷ್ಮಜೀವಿಶಾಸ್ತ್ರದ ಪ್ರಥಮ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಅಮೆರಿಕೆಯ ಪ್ರತಿನಿಧಿಯಾಗಿಯೂ ಹೋದಳು. ವಿಶ್ವವಿದ್ಯಾಲಯಗಳು ತಾವಾಗಿಯೇ ಕರೆದು ಡಾಕ್ಟರ್ ಪದವಿಯನ್ನು ಕೊಟ್ಟವು. 1930ರಿಂದ ಮುಂದಿನ ವರುಷಗಳಲ್ಲಿ ಹಾಲನ್ನು ಪಾಸ್ಚರ್ ಕ್ರಮದಂತೆ 63 ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ ಅರ್ಧಗಂಟೆ ಹಿಡಿದಿಟ್ಟೇ ಮಾರಬೇಕೆಂಬ ಕಟ್ಟುಪಾಡು ಅಮೆರಿಕೆಯ ಊರೂರುಗಳಲ್ಲಿ ಬೇರೂರಿತು.

ಔಷಧವಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಆಕೆಗೆ ರೋಗ ತಗಲಿದಾಗ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ದೊರೆತದ್ದು 1943ರಲ್ಲಿ. ಟೆಟ್ರಾಸೈಕ್ಲಿನ್ ಬಳಗವೂ ರಿಫಾಂಪಿಸಿನ್ನೂ ಆಮೇಲೆ ಬಂದವು. ಈ ರೋಗಾಣುವು ರಕ್ತದಲ್ಲಿ ತೇಲುತ್ತಿರದೆ ದೇಹದ ಜೀವಕೋಶಗಳೊಳಗೇ ಹೊಕ್ಕು ಕೂತಿರುವುದರಿಂದ ಒಂದು ಔಷಧವು ಸಾಲದು. ಎರಡನ್ನು ಕೂಡಿಸಿ ಆರು ವಾರ ಕೊಡುವುದು ಈಗಿನ ಪದ್ಧತಿ. ಹಾಗಾದರೆ ಹಸುಗಳಿಗೂ ಕೊಟ್ಟು ಗುಣಪಡಿಸಬಾರದೇಕೆ? ಹಸುವಿನ ಕೆಚ್ಚಲಲ್ಲಿಯೂ ಗ್ರಂಥಿಗಳಲ್ಲಿಯೂ ಅಡಗಿರುವ ರೋಗಾಣುವನ್ನು ನಿರ್ಮೂಲಮಾಡುವ ಭರವಸೆಯಿಲ್ಲ. ಔಷಧವು ಹಾಲಿಗೆ ಇಳಿಯುವುದು. ಸಾಯದೆ ಉಳಿದ ರೋಗಾಣುಗಳು ಆ ಔಷಧಕ್ಕೆ ಜಗ್ಗದಂತಾಗುವುವು. ಈ ಔಷಧಗಳಲ್ಲಿ ಕೆಲವು ಮನುಷ್ಯರ ಕ್ಷಯರೋಗಕ್ಕೂ ಬೇಕಾದವು. ಈ ಕಾರಣಗಳಿಂದ ಈ ರೋಗಕ್ಕೆ ಹಸುಗಳನ್ನು ಔಷಧದಿಂದ ಚಿಕಿತ್ಸೆ ಮಾಡುವ ಪದ್ಧತಿಯಿಲ್ಲ. ಅಮೆರಿಕೆಯವರು 1934ರಿಂದ ರೋಗವಿದ್ದ ಹಸುಗಳನ್ನು ಪರೀಕ್ಷಿಸಿ ಕೊಲ್ಲುತ್ತ ಬಂದರು. ನಮ್ಮ ನಾಡಿನಲ್ಲಿ ಅದು ನಡೆಯುವ ಮಾತಲ್ಲವಾದ್ದರಿಂದ ಲಸಿಕೆಯೇ ಮುಖ್ಯವಾದ ದಾರಿ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಒಮ್ಮೆ ಲಸಿಕೆ ಹಾಕುವ ಏರ್ಪಾಡಾಯಿತು. ಅದಕ್ಕೆ ಬೇಕಾದ ಎಸ್-19 ಎಂಬ ತಳಿಯು 1923ರಲ್ಲಿ ಈವಾನ್ಸಳ ಹಳೆಯ ಇಲಾಖೆಯಲ್ಲಿ, ಜಾನ್ ಬಕ್ ಎಂಬವನು ಮರೆತು ಮೇಜಿನ ಮೇಲೆ ಬಿಟ್ಟಿದ್ದ ಒಂದು ನಳಿಗೆಯಲ್ಲಿ ದೊರೆತದ್ದು.

ಹಸು ಸಾಕುವ ಮನೆಯವರಿಗೆ ಇಲ್ಲಿ ಒಂದು ಮಾತು. ಕಂದು ಬಿದ್ದಲ್ಲಿ ಅದನ್ನೂ ಮಾಸನ್ನೂ ಬರಿಗೈಯಿಂದ ಎತ್ತುವ ಕೆಲಸವು ಬಹುತೇಕ ಹೆಂಗಸರದೇ; ರೋಗಾಣುಗಳು ಅತಿ ಹೆಚ್ಚಾಗಿರುವುದೂ ಅಲ್ಲಿಯೇ. ಕೈಗೆ ರಬ್ಬರು ಚೀಲವನ್ನು ಹಾಕಿಕೊಂಡು ಎತ್ತಿ, ಆಳವಾಗಿ ಹೂತು, ಸುಣ್ಣ ಹಾಕಬೇಕು. ಇನ್ನು ಕೆಚ್ಚಲುಬಾವು ಬಂದ ಹಸುವಿಗೆ ಮೊಲೆಯೊಳಗೆ ಆಂಟಿಬಯಾಟಿಕ್ ಏರಿಸಿದರೆ, ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಮಾರಲೂ ಬಾರದು, ಕುಡಿಯಲೂ ಬಾರದು. ಕಾಯಿಸಿದರೆ ರೋಗಾಣು ಸಾಯುವುದು. ಔಷಧದ ಅಂಶವು ಪೂರ್ತಿಯಾಗಿ ಹೋಗುವುದಿಲ್ಲ. ಬೋರ್ಡಿಂಗಿನ ಹಳೆಯ ಕಟ್ಟಳೆಯು ಎಷ್ಟು ಒಳ್ಳೆಯದಾದರೂ ಇದಕ್ಕೆ ಸಾಲದು.

ಕುಮಾರಿ ಈವಾನ್ಸಳು 1945ರಲ್ಲಿ ನಿವೃತ್ತಳಾದಳು. ಮದುವೆಯಾಗಲಿಲ್ಲ. ಆಮೇಲೆ ಹೆಂಗಸರ ಸಭೆಗಳಿಗೆ ಹೋಗಿ, ಹುಡುಗಿಯರು ವಿಜ್ಞಾನವನ್ನು ವೃತ್ತಿಯಾಗಿ ಹಿಡಿಯುವ ವಿಷಯದಲ್ಲಿ ಮಾತನಾಡುತ್ತಿದ್ದಳು. 1966ರಲ್ಲಿ, ಎಂಬತ್ತೈದನೆಯ ವಯಸ್ಸಿನಲ್ಲಿ, ವೃದ್ಧರ ಆರೋಗ್ಯ ಸಹಾಯಕ್ಕಾಗಿ ಸರಕಾರದ ಅರ್ಜಿಯನ್ನು ತುಂಬುವಾಗ, ತಾನು ಕಮ್ಯೂನಿಸ್ಟ್ ಸಂಸ್ಥೆಗಳಿಗೆ ಸೇರಿದವಳಲ್ಲವೆಂದು ಬರೆದುಕೊಡಬೇಕೆಂಬ ಪಂಕ್ತಿಯು ಕಣ್ಣಿಗೆ ಬಿತ್ತು. ಆಕೆ ಸೇರಿದವಳಲ್ಲವೆಂಬುದರಲ್ಲಿ ಸಂಶಯವಿರಲಿಲ್ಲ. ಆದರೂ ಹಾಗೆ ಕೇಳುವ ಹಕ್ಕು ಸರಕಾರಕ್ಕಿಲ್ಲವೆಂದು ಬರೆಯದೆ ಬಿಟ್ಟಳು. 1967ರ ಜನವರಿಯಲ್ಲಿ ನ್ಯಾಯ ಇಲಾಖೆಯು ಆ ಷರತ್ತು ಸಂವಿಧಾನಕ್ಕೆ ವಿರುದ್ಧವೆಂದು ಒಪ್ಪಿಕೊಂಡಿತು. 1975ರ ಸೆಪ್ಟೆಂಬರ್ 5ನೆಯ ತಾರೀಖು ವರ್ಜೀನಿಯಾ ಪ್ರಾಂತದ ಅಲೆಕ್ಸಾಂಡ್ರಿಯಾ ಪಟ್ಟಣದಲ್ಲಿ ತನ್ನ ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ ಆಕೆಯು ಕಾಲವಾದಳು.

ಆಕೆಯು ಹುಟ್ಟಿದ ಪೆನ್ಸಿಲ್ವೇನಿಯಾದಲ್ಲಿ ಹಸಿ ಹಾಲನ್ನು ಮಾರುವವರೂ ಕೊಳ್ಳುವವರೂ ಆಮೇಲೆಯೂ ಇಲ್ಲದೆ ಹೋಗಲಿಲ್ಲ. ಅಮೆರಿಕೆಯಲ್ಲಿ 1996ರಿಂದ ಕರುಗಳಿಗೆ ಹಾಕಲಾರಂಭಿಸಿದ ಆರ್‌ಬಿ-51 ಎಂಬ ಬೇರೊಂದು ಜೀವಂತ ಲಸಿಕೆಯ ತಳಿಯು, ಅದನ್ನು ಸಿದ್ಧಪಡಿಸಿದ ವಿಧಾನದಿಂದಲೇ ರಿಫಾಂಪಿಸಿನ್ ಔಷಧಕ್ಕೆ ಜಗ್ಗದಂಥದು. ಅಪರೂಪವಾಗಿ ಅದು ಹಸುವಿನ ಹಾಲಿಗೆ ಇಳಿಯುವುದುಂಟು. 2018ರಲ್ಲಿ ನ್ಯೂಯಾರ್ಕಿನ ಒಬ್ಬ ನಿವಾಸಿಗೆ ಜ್ವರವು ಬಂದು, ಪರೀಕ್ಷಿಸಿದಾಗ ಪೆನ್ಸಿಲ್ವೇನಿಯಾದ ಒಂದು ಹಟ್ಟಿಯಿಂದ ತರಿಸಿ ಕುಡಿದ ಹಸಿ ಹಾಲಿನಲ್ಲಿದ್ದ ಆ ತಳಿಯೇ ಅದಕ್ಕೆ ಕಾರಣವೆಂದು ಗೊತ್ತಾಯಿತು. ಆ ಹಟ್ಟಿಯ ಹಾಲು ಹತ್ತೊಂಬತ್ತು ಪ್ರಾಂತಗಳ ಜನರನ್ನು ಮುಟ್ಟಿತ್ತು. ಅದನ್ನು ಕುಡಿದವರನ್ನು ಹುಡುಕಿಸಿದ ಆರೋಗ್ಯ ಇಲಾಖೆಯವರು, ರಿಫಾಂಪಿಸಿನ್ನನ್ನು ಬಿಟ್ಟು ಬೇರೆ ಔಷಧಗಳನ್ನು ಕೊಡಬೇಕೆಂದು ವೈದ್ಯರಿಗೆ ಬರೆದು ತಿಳಿಸಿದರು.